ಸಹಾಯ ಬೇಕು: ನೀರು ನಿಂತು ಮಚ್ಚೆಗಟ್ಟಿದ ಮಣ್ಣಿಗೆ ಕನ್ನಡದ ಹೆಸರು

ಪುಣೆಯ ನಮ್ಮ ಬಡಾವಣೆಯ ಕನ್ನಡ ಮಕ್ಕಳಿಗಾಗಿ ಮಣ್ಣಿನ ಹುಟ್ಟಿನ ಕುರಿತು ಪಾಠವೊಂದನ್ನು ಬರೆಯುತ್ತಿದ್ದೇನೆ. ಇಲ್ಲಿನ ಎರೆಮಣ್ಣು ಕಾಲಡಿಯ ಬಸಾಲ್ಟ್ ಕಲ್ಲೇ ಸವೆದು ಆದದ್ದು. ಬೇಸಿಗೆಯಲ್ಲಿ ಅದು ಬಿರಿಯುವುದನ್ನು ಮಕ್ಕಳು ಕಂಡಿದ್ದಾರೆ. ಇದಕ್ಕೆ ಹೋಲಿಕೆಯಾಗಿ ಅಮೆರಿಕದ ಮಿಸೌರಿ ಸೀಮೆಯ ಒಂದು ಬಗೆಯ ಮಣ್ಣನ್ನು ವಿವರಿಸಬೇಕಾಗಿದೆ. ಅಲ್ಲಿ ಹಿಮಯುಗದ ಕೊನೆಯ ಕಾಲದಲ್ಲಿ ನದಿಬಯಲುಗಳಿಂದ ಗಾಳಿ ಹೊತ್ತು ತಂದ, ಬಹುಪಾಲು 0.05 ಮಿಲಿಮೀಟರಿಗಿಂತ ಸಣ್ಣ ಕಣಗಳ ಲೋಯೆಸ್ ಧೂಳು, ಶೇಲ್ (ಜೇಡಿ ಪದರಪದರವಾಗಿ ಗಟ್ಟಿಯಾಗಿ ಆದ ಕಲ್ಲು) ಮತ್ತು ಸುಣ್ಣಕಲ್ಲುಗಳ ಮೇಲೆ ಹಾಸಿಕೊಂಡಿದೆ. ಅಂಥ ಮೇಲ್ಪದರವನ್ನು ಬೆರಳುಗಳ ನಡುವೆ ಉಜ್ಜಿದರೆ ಮೈದಾ ಹಿಟ್ಟಿನಂತೆ ನುಣುಪು. ಆಳಕ್ಕಿಳಿದಂತೆ, ಶೇಲ್ ಶಿಥಿಲಗೊಂಡು ಉಳಿದ ಅಂಟುಜೇಡಿ ನೀರನ್ನು ತಡೆಹಿಡಿಯುವುದರಿಂದ, ಬೂದುಬಣ್ಣದ ಮಣ್ಣಿನಲ್ಲಿ ತುಕ್ಕಿನ ಬಣ್ಣದ ಮಚ್ಚೆಗಳು ಮೂಡುತ್ತವೆ. ಸುಣ್ಣಕಲ್ಲು ಕರಗಿ ಉಳಿದ ಜೇಡಿ ಹೆಚ್ಚಾಗಿ ಕೆಂಪಗಿರುತ್ತದೆ. ಈ ಮಚ್ಚೆಗಳೇ ನನಗೆ ಬಹಳ ಮುಖ್ಯ, ಏಕೆಂದರೆ ನೀರು ಎಷ್ಟು ಆಳದಲ್ಲಿ ನಿಲ್ಲುತ್ತದೆ ಎಂಬುದಕ್ಕೆ ಅವು ಕಣ್ಣಿಗೆ ಕಾಣುವ ಗುರುತು.

ನಮ್ಮ ಜಿಲ್ಲೆಯ ಭೀಮಾಶಂಕರದಲ್ಲಿ ಹುಟ್ಟುವ ಭೀಮಾ ನದಿ ಕಲಬುರಗಿಯ ಕಡೆ ಹರಿಯುತ್ತದೆ. ಅಲ್ಲಿ ಲೋಯೆಸ್ ಇಲ್ಲದಿದ್ದರೂ ಸುಣ್ಣಕಲ್ಲು ಮತ್ತು ಶೇಲ್ ಎರಡೂ ಇವೆ. ಆ ಭಾಗದಿಂದ ಬಂದು ಇಲ್ಲಿ ನೆಲೆಸಿದವರು, ನೀರು ನಿಂತು ಮಚ್ಚೆಗಟ್ಟಿದ ಮಣ್ಣನ್ನು ತಮ್ಮ ಹೊಲಗಳಲ್ಲಿ ಏನೆಂದು ಕರೆಯುತ್ತಾರೆ ಎಂಬುದನ್ನು, ಊರಿನ ಹೆಸರಿನೊಂದಿಗೆ, ದಯವಿಟ್ಟು ತಿಳಿಸಿ.