‘ವೆನ್’ ಬಂದಲ್ಲೆಲ್ಲ ಅಡ್ವರ್ಬ್ ಕ್ಲಾಜ್ ಅಲ್ಲವೇ? ಇಂಗ್ಲಿಷ್‌ನಲ್ಲಿ ಕ್ಲಾಜ್ ಗುರುತಿಸುವುದು ಹೇಗೆ?

ಬಿಡುವಿನ ಓದು:

ಎಲ್ಲರಿಗೂ ನಮಸ್ಕಾರ. ನಾನು ಕನ್ನಡ ಮಾಧ್ಯಮದಲ್ಲಿ ಓದಿದವನು. ಈಗ ಒಂದು ಪರೀಕ್ಷೆಗಾಗಿ ಇಂಗ್ಲಿಷ್ ವ್ಯಾಕರಣ ಹಿಡಿದು ಕೂತಿದ್ದೇನೆ. ಟೆನ್ಸ್, ವಾಯ್ಸ್, ರಿಪೋರ್ಟೆಡ್ ಸ್ಪೀಚ್ ಹೇಗೋ ಕೈಗೆ ಹತ್ತಿದವು. ಕ್ಲಾಜ್ (ಸಬ್ಜೆಕ್ಟ್, ವರ್ಬ್ ಎರಡೂ ಇರುವ ವಾಕ್ಯಭಾಗ) ಮತ್ತು ವಾಕ್ಯದ ಬಗೆಗಳು (ಸಿಂಪಲ್, ಕಾಂಪೌಂಡ್, ಕಾಂಪ್ಲೆಕ್ಸ್) ಮಾತ್ರ ಎಷ್ಟು ಓದಿದರೂ ತಲೆಗೆ ಹೋಗುತ್ತಿಲ್ಲ.

ನನ್ನ ಗೈಡಿನಲ್ಲಿ ಒಂದು ಪಟ್ಟಿ ಇದೆ. ‘ವೆನ್, ಇಫ್, ಬಿಕಾಸ್, ಆಲ್ದೋ’ ಬಂದರೆ ಅಡ್ವರ್ಬ್ ಕ್ಲಾಜ್, ‘ಹೂ, ವಿಚ್’ ಬಂದರೆ ಅಡ್ಜೆಕ್ಟಿವ್ ಕ್ಲಾಜ್, ‘ದಟ್’ ಬಂದರೆ ನೌನ್ ಕ್ಲಾಜ್. ಪಟ್ಟಿ ಬಾಯಿಪಾಠ ಆಗಿದೆ. ಆದರೆ ಹಳೆಯ ಪ್ರಶ್ನೆಪತ್ರಿಕೆಗಳ ಉತ್ತರ ಅದಕ್ಕೆ ತಾಳೆಯಾಗುತ್ತಿಲ್ಲ. ನನ್ನನ್ನು ಕಾಡುತ್ತಿರುವ ವಾಕ್ಯಗಳು ಇವು:

1. ‘ಐ ಡೋಂಟ್ ನೋ ವೆನ್ ಹಿ ವಿಲ್ ರಿಟರ್ನ್.’ ಇಲ್ಲಿರುವುದು ನೌನ್ ಕ್ಲಾಜ್ ಅಂತೆ. ಎದುರಿಗೇ ‘ವೆನ್’ ಇದೆಯಲ್ಲ?

2. ‘ದ ಬುಕ್ ಐ ಬಾಟ್ ಯೆಸ್ಟರ್ಡೇ ಈಸ್ ಮಿಸ್ಸಿಂಗ್.’ ಇದು ಕಾಂಪ್ಲೆಕ್ಸ್ ಅಂತೆ. ಕಂಜಂಕ್ಷನ್ (ಜೋಡಿಸುವ ಪದ) ಅನ್ನುವುದೇ ಇಲ್ಲದ ಮೇಲೆ ಎರಡನೇ ಕ್ಲಾಜ್ ಎಲ್ಲಿಂದ ಬಂತು?

3. ‘ಹಿ ಕೇಮ್ ಇನ್ ಆಂಡ್ ಸ್ಯಾಟ್ ಡೌನ್.’ ಒಂದು ಪುಸ್ತಕ ಸಿಂಪಲ್ ಅನ್ನುತ್ತದೆ, ಇನ್ನೊಂದು ಕಾಂಪೌಂಡ್ ಅನ್ನುತ್ತದೆ.

4. ‘ಹ್ಯಾವಿಂಗ್ ಫಿನಿಶ್ಡ್ ದ ವರ್ಕ್, ಶಿ ವೆಂಟ್ ಹೋಮ್.’ ಎರಡು ಕೆಲಸ ನಡೆದಿವೆ, ಆದರೂ ಸಿಂಪಲ್.

ಬಲ್ಲವರು ದಯವಿಟ್ಟು ಬಿಡಿಸಿ ಹೇಳಿ. ನಿಯಮ ಗೊತ್ತಿದೆ, ಅದನ್ನು ವಾಕ್ಯದ ಮೇಲೆ ಹೇಗೆ ಹೂಡಬೇಕು ಎನ್ನುವುದು ಗೊತ್ತಾಗುತ್ತಿಲ್ಲ.

ಅಲ್ಪವಿರಾಮ:

ಚಿಕ್ಕದಾಗಿ ಹೇಳುತ್ತೇನೆ. ಕೋಆರ್ಡಿನೇಟಿಂಗ್ ಕಂಜಂಕ್ಷನ್‌ಗಳು ಏಳು: ‘ಫಾರ್, ಆಂಡ್, ನಾರ್, ಬಟ್, ಆರ್, ಯೆಟ್, ಸೋ’. ಮೊದಲ ಅಕ್ಷರ ಕೂಡಿಸಿ ‘ಫ್ಯಾನ್‌ಬಾಯ್ಸ್’ ಅಂತ ನೆನಪಿಡುತ್ತಾರೆ. ಎರಡು ಕ್ಲಾಜ್‌ಗಳನ್ನು ಇವು ಸೇರಿಸಿದರೆ ಕಾಂಪೌಂಡ್. ಉಳಿದ ಕಂಜಂಕ್ಷನ್ ಸೇರಿಸಿದರೆ ಕಾಂಪ್ಲೆಕ್ಸ್. ಎರಡೂ ಇದ್ದರೆ ಕಾಂಪೌಂಡ್-ಕಾಂಪ್ಲೆಕ್ಸ್. ಪರೀಕ್ಷೆಗೆ ಬಹುಪಾಲು ಇಷ್ಟು ಸಾಕಾಗುತ್ತದೆ.

ಸೀಸದ ಕಡ್ಡಿ:

ಅಲ್ಪವಿರಾಮ ಅವರ ಏಳರ ಪಟ್ಟಿ ಸರಿಯಾಗಿದೆ. ಆದರೆ ಬಿಡುವಿನ ಓದು ಅವರೇ, ನಿಮ್ಮ ತೊಡಕು ಹುಟ್ಟಿದ್ದೇ ಪಟ್ಟಿಯಿಂದ. ಇನ್ನೊಂದು ಪಟ್ಟಿ ಕೊಟ್ಟರೆ ಅದು ಬಗೆಹರಿಯುವುದಿಲ್ಲ. ನಾನು ಇಂಗ್ಲಿಷ್ ವ್ಯಾಕರಣ ಕಲಿಸುವವಳು. ಮಕ್ಕಳಿಗೆ ಮೊದಲು ಹೇಳುವುದು ಒಂದೇ: ಕಂಜಂಕ್ಷನ್ ಹುಡುಕಬೇಡಿ, ವರ್ಬ್ ಹುಡುಕಿ. ಸೀಸದ ಕಡ್ಡಿ ತಗೊಂಡು ವಾಕ್ಯದಲ್ಲಿರುವ ಪ್ರತಿ ಫೈನೈಟ್ ವರ್ಬ್, ಅಂದರೆ ಕಾಲಕ್ಕೆ ತಕ್ಕಂತೆ ರೂಪ ಬದಲಾಯಿಸುವ ಪೂರ್ಣ ಕ್ರಿಯಾಪದದ ಕೆಳಗೆ ಗೆರೆ ಎಳೆಯಿರಿ. ಆಮೇಲೆ ಪ್ರತಿಯೊಂದಕ್ಕೂ ಅದರ ಸಬ್ಜೆಕ್ಟ್ ಯಾವುದು ಅಂತ ಕೇಳಿ. ಎಷ್ಟು ಜೋಡಿ ಸಿಕ್ಕವೋ ಅಷ್ಟು ಕ್ಲಾಜ್. ಬಗೆ ಯಾವುದು ಅನ್ನುವ ಪ್ರಶ್ನೆ ಅದಾದ ಮೇಲೆ.

ಫೈನೈಟ್ ವರ್ಬ್ ಯಾವುದು ಅಂತ ತಿಳಿಯಲು ವಾಕ್ಯದ ಕಾಲ ಬದಲಾಯಿಸಿ ನೋಡಿ. ನಿಮ್ಮ ನಾಲ್ಕನೆಯದನ್ನು ವರ್ತಮಾನಕ್ಕೆ ತಂದರೆ ‘ಹ್ಯಾವಿಂಗ್ ಫಿನಿಶ್ಡ್ ದ ವರ್ಕ್, ಶಿ ಗೋಸ್ ಹೋಮ್’ ಆಗುತ್ತದೆ. ‘ವೆಂಟ್’ ಬದಲಾಯಿತು, ‘ಹ್ಯಾವಿಂಗ್ ಫಿನಿಶ್ಡ್’ ಅಲ್ಲಾಡಲಿಲ್ಲ. ಹಾಗಾಗಿ ಫೈನೈಟ್ ವರ್ಬ್ ಒಂದೇ, ಕ್ಲಾಜ್ ಒಂದೇ, ವಾಕ್ಯ ಸಿಂಪಲ್. ಎಷ್ಟು ಕೆಲಸ ನಡೆಯಿತು ಎನ್ನುವುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಹಾಗೆಯೇ ‘ಹ್ಯಾಸ್ ಬೀನ್ ವೇಟಿಂಗ್’ ಮೂರು ಪದವಾದರೂ ಒಂದೇ ಗೆರೆ. ಕಾಲ ಬದಲಾದಾಗ ಅದರಲ್ಲಿ ಬದಲಾಗುವುದು ಮೊದಲ ಪದ ಮಾತ್ರ: ‘ಹ್ಯಾಡ್ ಬೀನ್ ವೇಟಿಂಗ್’.

ಕನ್ನಡದವರಿಗೆ ಈ ಎಣಿಕೆ ತುಸು ಕಷ್ಟವಾಗಲು ಕಾರಣ ಇದೆ. ‘ಅವನು ಬಂದರೆ’, ‘ನೀವು ಬಂದರೆ’, ‘ಮಳೆ ಬಂದರೆ’ ಅನ್ನುತ್ತೇವೆ. ಯಾರೇ ಬರಲಿ, ‘ಬಂದರೆ’ ಹಾಗೇ ಇರುತ್ತದೆ. ಪೂರ್ಣ ಕ್ರಿಯಾಪದ ವಾಕ್ಯದ ಕೊನೆಯಲ್ಲಿ ಒಂದೇ ಒಂದು. ‘ಬಂದು ಕುಳಿತು ಓದಿದ’ ಎನ್ನುವಲ್ಲೂ ಹಾಗೆಯೇ. ಇಂಗ್ಲಿಷ್‌ನಲ್ಲಿ ‘ಇಫ್ ಹಿ ಕಮ್ಸ್’, ‘ಇಫ್ ಯು ಕಮ್’ ಎಂದು ಒಳಗಿನ ವರ್ಬ್ ಕೂಡ ತನ್ನ ಸಬ್ಜೆಕ್ಟಿಗೆ ತಕ್ಕಂತೆ ರೂಪ ಪಡೆಯುತ್ತದೆ. ಅದೂ ಪೂರ್ಣ ಕ್ರಿಯಾಪದವೇ. ಅದಕ್ಕೇ ಅದರ ಕೆಳಗೂ ಗೆರೆ.

ಈಗ ನಿಮ್ಮ ಎರಡನೇ ವಾಕ್ಯ. ‘ಬಾಟ್’ಗೆ ಒಂದು ಗೆರೆ, ‘ಈಸ್’ಗೆ ಇನ್ನೊಂದು. ‘ಐ ಬಾಟ್’ ಒಂದು ಜೋಡಿ, ‘ದ ಬುಕ್ ಈಸ್’ ಇನ್ನೊಂದು. ಕಂಜಂಕ್ಷನ್ ಇಲ್ಲದೆಯೇ ಎರಡು ಕ್ಲಾಜ್ ಸಿಕ್ಕವು. ‘ಬುಕ್’ ಮತ್ತು ‘ಐ’ ನಡುವೆ ‘ದಟ್’ ಅಥವಾ ‘ವಿಚ್’ ಇರಬಹುದಿತ್ತು, ಬಿಟ್ಟಿದ್ದಾರೆ. ಹಾಗೆ ಬಿಡಬಹುದಾದದ್ದು ಆ ಪದ ಒಳಗಿನ ವರ್ಬ್‌ಗೆ ಸಬ್ಜೆಕ್ಟ್ ಆಗಿಲ್ಲದಿದ್ದಾಗ ಮಾತ್ರ. ‘ದ ಬುಕ್ ವಿಚ್ ಫೆಲ್ ಡೌನ್ ಈಸ್ ಮೈನ್’ ಎಂಬಲ್ಲಿ ‘ವಿಚ್’ ತೆಗೆಯಲಾಗದು. ‘ಫೆಲ್’ಗೆ ಅದೇ ಸಬ್ಜೆಕ್ಟ್.

ಇನ್ನು ನಿಮ್ಮ ‘ವೆನ್’. ಒಂದು ಕ್ಲಾಜ್‌ಗೆ ಹೆಸರು ಬರುವುದು ಅದರ ಮೊದಲ ಪದದಿಂದ ಅಲ್ಲ, ಅದು ವಾಕ್ಯದಲ್ಲಿ ಮಾಡುವ ಕೆಲಸದಿಂದ. ಈ ಮೂರನ್ನು ಪಕ್ಕಪಕ್ಕ ಇಟ್ಟು ನೋಡಿ:

‘ಐ ಡೋಂಟ್ ನೋ ವೆನ್ ಹಿ ವಿಲ್ ರಿಟರ್ನ್.’
‘ಐ ವಿಲ್ ಕಾಲ್ ಯು ವೆನ್ ಹಿ ರಿಟರ್ನ್ಸ್.’
‘ಐ ರಿಮೆಂಬರ್ ದ ಡೇ ವೆನ್ ಹಿ ರಿಟರ್ನ್ಡ್.’

ಮೊದಲನೆಯದರಲ್ಲಿ ಕ್ಲಾಜ್ ಪೂರ್ತಿ ತೆಗೆದು ‘ಸಮ್‌ಥಿಂಗ್’ ಇಡಿ: ‘ಐ ಡೋಂಟ್ ನೋ ಸಮ್‌ಥಿಂಗ್’. ವಾಕ್ಯ ನಿಲ್ಲುತ್ತದೆ. ‘ನೋ’ ಕ್ರಿಯೆಗೆ ಬೇಕಾದ ಆಬ್ಜೆಕ್ಟ್ ಈ ಕ್ಲಾಜೇ, ಆದ್ದರಿಂದ ನೌನ್ ಕ್ಲಾಜ್. ಎರಡನೆಯದರಲ್ಲಿ ‘ಐ ವಿಲ್ ಕಾಲ್ ಯು’ ತಾನಾಗಿಯೇ ಪೂರ್ತಿ ಇದೆ. ಕ್ಲಾಜ್ ಬರೀ ಸಮಯ ಹೇಳುತ್ತದೆ, ‘ದೆನ್’ ಇಟ್ಟರೆ ಸರಿಹೋಗುತ್ತದೆ. ಅದು ಅಡ್ವರ್ಬ್ ಕ್ಲಾಜ್. ಮೂರನೆಯದು ‘ಡೇ’ ಎಂಬ ನಾಮಪದಕ್ಕೆ ಅಂಟಿಕೊಂಡು ಯಾವ ದಿನ ಎಂದು ಹೇಳುತ್ತದೆ. ಅದು ಅಡ್ಜೆಕ್ಟಿವ್ ಕ್ಲಾಜ್.

ಮೊದಲ ಎರಡರಲ್ಲಿ ಇನ್ನೊಂದು ಸುಳಿವು ಇದೆ, ನನಗೆ ಬಹಳ ಇಷ್ಟವಾದದ್ದು. ಎರಡೂ ಮುಂದೆ ಆಗುವ ಮಾತೇ. ಆದರೂ ಒಂದರಲ್ಲಿ ‘ವಿಲ್ ರಿಟರ್ನ್’, ಇನ್ನೊಂದರಲ್ಲಿ ‘ರಿಟರ್ನ್ಸ್’. ಸಮಯ ಹೇಳುವ ಅಡ್ವರ್ಬ್ ಕ್ಲಾಜ್ ಒಳಗೆ ಭವಿಷ್ಯಕ್ಕೆ ಸಾಮಾನ್ಯವಾಗಿ ‘ವಿಲ್’ ಬರುವುದಿಲ್ಲ. ನೌನ್ ಕ್ಲಾಜ್‌ನಲ್ಲಿ ಧಾರಾಳವಾಗಿ ಬರುತ್ತದೆ. ‘ಇಫ್’ಗೂ ಹೀಗೇ: ‘ಐ ಡೋಂಟ್ ನೋ ಇಫ್ ಹಿ ವಿಲ್ ಕಮ್’ ನೌನ್ ಕ್ಲಾಜ್, ಅಲ್ಲಿ ‘ವೆದರ್’ ಇಟ್ಟರೂ ನಡೆಯುತ್ತದೆ. ‘ಇಫ್ ಹಿ ಕಮ್ಸ್, ಐ ವಿಲ್ ಸ್ಟೇ’ ಅಡ್ವರ್ಬ್ ಕ್ಲಾಜ್.

ಕೆಲವೊಮ್ಮೆ ಒಂದೇ ವಾಕ್ಯ ಎರಡೂ ಕಡೆ ಸಲ್ಲುತ್ತದೆ. ‘ಟೆಲ್ ಮಿ ವೆನ್ ಹಿ ಕಮ್ಸ್.’ ಅವನು ಯಾವಾಗ ಬರುತ್ತಾನೆ ಎಂಬುದನ್ನು ಹೇಳು, ಅಥವಾ ಅವನು ಬಂದಾಗ ನನಗೆ ಹೇಳು. ಅರ್ಥ ತೀರ್ಮಾನವಾಗದೆ ಕ್ಲಾಜ್ ಹೆಸರೂ ತೀರ್ಮಾನವಾಗುವುದಿಲ್ಲ.

ಮೂರನೆಯದು ಸಂಪ್ರದಾಯದ ಪ್ರಶ್ನೆ. ಸಬ್ಜೆಕ್ಟ್ ಒಂದು, ಫೈನೈಟ್ ವರ್ಬ್ ಎರಡು. ಒಂದು ಸಬ್ಜೆಕ್ಟಿಗೆ ಎರಡು ವರ್ಬ್ ಎಂದವರು ಅದನ್ನು ಸಿಂಪಲ್ ಅನ್ನುತ್ತಾರೆ. ಎರಡನೇ ‘ಹಿ’ ಲೋಪವಾಗಿದೆ ಎಂದವರು ಕಾಂಪೌಂಡ್ ಅನ್ನುತ್ತಾರೆ. ನಿಮ್ಮ ಪರೀಕ್ಷೆಯ ಪಠ್ಯ ಯಾವ ದಾರಿ ಹಿಡಿದಿದೆಯೋ ಅದನ್ನೇ ಹಿಡಿಯಿರಿ. ‘ಹಿ ಕೇಮ್ ಇನ್, ಆಂಡ್ ಹಿ ಸ್ಯಾಟ್ ಡೌನ್’ ಆದರೆ ಯಾರಿಗೂ ತಕರಾರಿಲ್ಲ, ಕಾಂಪೌಂಡ್.

ಬಿಡುವಿನ ಓದು:

ಮೇಡಂ, ತುಂಬಾ ಧನ್ಯವಾದ. ಕಾಲ ಬದಲಾಯಿಸಿ ನೋಡುವ ಉಪಾಯ ಕೂಡಲೇ ಕೈಗೆ ಬಂತು. ಎರಡು ಸಂದೇಹ ಉಳಿದಿವೆ. ‘ಸೋ’ ಕೆಲವು ಕಡೆ ಕಾಂಪೌಂಡ್, ಕೆಲವು ಕಡೆ ಕಾಂಪ್ಲೆಕ್ಸ್ ಅಂತ ಕೊಟ್ಟಿದ್ದಾರೆ. ಮತ್ತೆ ‘ನ್ಯೂಸ್ ದಟ್’ ಅಂತ ಬಂದಾಗ ಒಮ್ಮೆ ನೌನ್ ಕ್ಲಾಜ್, ಒಮ್ಮೆ ಅಡ್ಜೆಕ್ಟಿವ್ ಕ್ಲಾಜ್. ಎರಡೂ ‘ನ್ಯೂಸ್’ಗೇ ಅಂಟಿಕೊಂಡಿವೆಯಲ್ಲ?

ಸೀಸದ ಕಡ್ಡಿ:

‘ಸೋ’ಗೆ ಪರೀಕ್ಷೆ ಸುಲಭ: ಆ ಕ್ಲಾಜನ್ನು ವಾಕ್ಯದ ಮುಂದಕ್ಕೆ ತನ್ನಿ. ‘ಇಟ್ ರೇನ್ಡ್, ಸೋ ವಿ ಸ್ಟೇಡ್ ಇನ್‌ಸೈಡ್.’ ಇದನ್ನು ‘ಸೋ ವಿ ಸ್ಟೇಡ್ ಇನ್‌ಸೈಡ್, ಇಟ್ ರೇನ್ಡ್’ ಮಾಡಿದರೆ ಕೆಡುತ್ತದೆ. ಕೋಆರ್ಡಿನೇಟಿಂಗ್ ಕಂಜಂಕ್ಷನ್ ಹಿಡಿದ ಕ್ಲಾಜ್ ಮುಂದಕ್ಕೆ ಬರಲು ಒಪ್ಪುವುದಿಲ್ಲ. ‘ಬಟ್ ಹಿ ಫೇಲ್ಡ್, ಹಿ ವರ್ಕ್ಡ್ ಹಾರ್ಡ್’ ಆಗದು, ‘ಆಲ್ದೋ ಹಿ ವರ್ಕ್ಡ್ ಹಾರ್ಡ್, ಹಿ ಫೇಲ್ಡ್’ ಸರಾಗವಾಗಿ ಆಗುತ್ತದೆ. ಎರಡೂ ಹೇಳುವ ಸಂಗತಿ ಒಂದೇ, ರಚನೆ ಬೇರೆ. ಇನ್ನು ‘ಹಿ ಸ್ಪೋಕ್ ಸ್ಲೋಲಿ ಸೋ ವಿ ಕುಡ್ ಫಾಲೋ’ ಎಂಬಲ್ಲಿರುವುದು ‘ಸೋ ದಟ್’, ‘ದಟ್’ ಬಿಟ್ಟುಹೋಗಿದೆ. ಉದ್ದೇಶ ಹೇಳುತ್ತದೆ, ಹಾಗಾಗಿ ಕಾಂಪ್ಲೆಕ್ಸ್.

‘ನ್ಯೂಸ್’ ಪ್ರಶ್ನೆ ಚೆನ್ನಾಗಿದೆ, ನಿಧಾನವಾಗಿ ನೋಡೋಣ.

‘ದ ನ್ಯೂಸ್ ದಟ್ ಹಿ ಬ್ರಾಟ್ ಶಾಕ್ಡ್ ಅಸ್.’
‘ದ ನ್ಯೂಸ್ ದಟ್ ಹಿ ಹ್ಯಾಡ್ ರಿಸೈನ್ಡ್ ಶಾಕ್ಡ್ ಅಸ್.’

‘ದಟ್’ ಕೈಯಿಂದ ಮುಚ್ಚಿ ಆಚೆಗಿರುವುದನ್ನಷ್ಟೇ ಓದಿ. ‘ಹಿ ಬ್ರಾಟ್’. ಏನನ್ನು ತಂದ? ಅಲ್ಲೊಂದು ಖಾಲಿ ಜಾಗ ಇದೆ, ಅದಕ್ಕೆ ಸೇರಬೇಕಾದದ್ದು ‘ನ್ಯೂಸ್’. ಒಳಗೆ ಹೀಗೆ ಜಾಗ ಖಾಲಿ ಇದ್ದರೆ ಅಡ್ಜೆಕ್ಟಿವ್ ಕ್ಲಾಜ್, ‘ದಟ್’ ಬದಲು ‘ವಿಚ್’ ಕೂಡ ಕೂರುತ್ತದೆ. ಎರಡನೆಯದರಲ್ಲಿ ‘ಹಿ ಹ್ಯಾಡ್ ರಿಸೈನ್ಡ್’. ಏನೂ ಕೊರತೆ ಇಲ್ಲ. ಸುದ್ದಿ ಏನು ಎಂಬುದನ್ನೇ ಆ ಕ್ಲಾಜ್ ಹೇಳುತ್ತಿದೆ, ‘ವಿಚ್’ ಕೂರುವುದಿಲ್ಲ. ಇದು ‘ನ್ಯೂಸ್’ಗೆ ಸಮಾನವಾಗಿ ನಿಂತ ನೌನ್ ಕ್ಲಾಜ್, ಶಾಲೆಯ ವ್ಯಾಕರಣ ಇದನ್ನು ಅಪೊಸಿಷನ್ ಎನ್ನುತ್ತದೆ. ‘ಫ್ಯಾಕ್ಟ್, ಐಡಿಯಾ, ಹೋಪ್, ರೂಮರ್’ ಆದಮೇಲೆ ‘ದಟ್’ ಕಂಡರೆ ಸ್ವಲ್ಪ ನಿಂತು ಈ ಖಾಲಿ ಜಾಗ ಹುಡುಕಿ.

ವಾಕ್ಯವಿಚಾರ:

ಮೇಡಂ ಹೇಳಿದ್ದು ಶಾಲಾ ವ್ಯಾಕರಣಕ್ಕೆ ಪೂರ್ತಿ ಸರಿ. ಒಂದು ಮಾತು ಸೇರಿಸಬೇಕು, ಏಕೆಂದರೆ ಬಿಡುವಿನ ಓದು ಅವರು ಅಂತರ್ಜಾಲದಲ್ಲಿ ಹುಡುಕಿದರೆ ಬೇರೆ ಉತ್ತರ ಸಿಗುತ್ತದೆ. ಕ್ವರ್ಕ್ ಮತ್ತು ಸಂಗಡಿಗರ 1985ರ ಬೃಹತ್ ವ್ಯಾಕರಣದಲ್ಲಿ ‘ಹ್ಯಾವಿಂಗ್ ಫಿನಿಶ್ಡ್ ದ ವರ್ಕ್’ ಕೂಡ ಕ್ಲಾಜೇ, ನಾನ್‌ಫೈನೈಟ್ ಕ್ಲಾಜ್. ಆ ಲೆಕ್ಕದಲ್ಲಿ ನಾಲ್ಕನೇ ವಾಕ್ಯ ಕಾಂಪ್ಲೆಕ್ಸ್ ಆಗುತ್ತದೆ. ಹಡಲ್‌ಸ್ಟನ್ ಮತ್ತು ಪುಲಮ್ 2002ರಲ್ಲಿ ತಂದ ವ್ಯಾಕರಣವಂತೂ ನೌನ್, ಅಡ್ಜೆಕ್ಟಿವ್, ಅಡ್ವರ್ಬ್ ಎಂಬ ಈ ವಿಂಗಡಣೆಯನ್ನೇ ಕೈಬಿಟ್ಟಿದೆ. ಫೈನೈಟ್ ಅಧೀನ ಕ್ಲಾಜ್‌ಗಳಿಗೆ (ತಾವೇ ನಿಲ್ಲದೆ ಇನ್ನೊಂದು ಕ್ಲಾಜನ್ನು ಆಶ್ರಯಿಸುವವು) ಅಲ್ಲಿ ಕಂಟೆಂಟ್, ರಿಲೇಟಿವ್, ಕಂಪ್ಯಾರೆಟಿವ್ ಎಂಬ ಹೆಸರುಗಳಿವೆ. ಮೇಡಂ ತೋರಿಸಿದ ಖಾಲಿ ಜಾಗ ರಿಲೇಟಿವ್ ಕ್ಲಾಜ್‌ಗೆ ಅಲ್ಲೂ ಮುಖ್ಯ ಲಕ್ಷಣವೇ.

ಸೀಸದ ಕಡ್ಡಿ:

ವಾಕ್ಯವಿಚಾರ ಅವರು ಇದನ್ನು ಹೇಳಿದ್ದು ಒಳ್ಳೆಯದಾಯಿತು. ಪರೀಕ್ಷೆ ಮುಗಿಯುವ ತನಕ ಫೈನೈಟ್ ವರ್ಬ್ ಲೆಕ್ಕವನ್ನೇ ಇಟ್ಟುಕೊಳ್ಳಿ, ಎರಡನ್ನೂ ಬೆರೆಸಬೇಡಿ.

ಬಿಡುವಿನ ಓದು:

ಸರಿ ಮೇಡಂ. ಕೊನೆಯದಾಗಿ ಒಂದು ವಾಕ್ಯಕ್ಕೆ ಗೆರೆ ಎಳೆದಿದ್ದೇನೆ:

‘ವಾಟ್ ಹಿ ಸೆಡ್ ವೆನ್ ವಿ ಮೆಟ್ ವಾಸ್ ದಟ್ ಹಿ ವುಡ್ ಲೀವ್ ಇಫ್ ನೋಬಡಿ ಲಿಸನ್ಡ್.’

‘ಸೆಡ್, ಮೆಟ್, ವಾಸ್, ವುಡ್ ಲೀವ್, ಲಿಸನ್ಡ್’, ಒಟ್ಟು ಐದು. ಆದರೆ ಅಧೀನ ಕ್ಲಾಜ್‌ಗಳನ್ನೆಲ್ಲ ತೆಗೆದರೆ ‘ವಾಸ್’ ಒಂದೇ ಉಳಿಯುತ್ತದೆ. ಒಂದು ಪದ ಮೇನ್ ಕ್ಲಾಜ್ ಆಗುವುದು ಹೇಗೆ?

ಸೀಸದ ಕಡ್ಡಿ:

ಐದೂ ಸರಿಯಾಗಿವೆ. ತೆಗೆಯುವ ಬದಲು ‘ಸಮ್‌ಥಿಂಗ್’ ಇಡಿ: ‘ಸಮ್‌ಥಿಂಗ್ ವಾಸ್ ಸಮ್‌ಥಿಂಗ್’. ಅದೇ ಮೇನ್ ಕ್ಲಾಜ್‌ನ ಹಂದರ. ‘ವಾಟ್’ನಿಂದ ‘ಮೆಟ್’ವರೆಗಿನದು ‘ವಾಸ್’ನ ಸಬ್ಜೆಕ್ಟ್, ‘ದಟ್’ನಿಂದ ಕೊನೆಯವರೆಗಿನದು ಕಾಂಪ್ಲಿಮೆಂಟ್. ಎರಡೂ ನೌನ್ ಕ್ಲಾಜ್. ನೌನ್ ಕ್ಲಾಜ್ ಮೇನ್ ಕ್ಲಾಜ್‌ನ ಹೊರಗೆ ಅಂಟಿಸಿದ್ದಲ್ಲ, ಅದರ ಅಂಗವೇ. ಅದಕ್ಕೇ ಕಿತ್ತರೆ ವಾಕ್ಯ ಮುರಿಯುತ್ತದೆ. ಅಡ್ವರ್ಬ್ ಕ್ಲಾಜ್ ಕಿತ್ತರೆ ಸಾಮಾನ್ಯವಾಗಿ ಹಾಗಾಗುವುದಿಲ್ಲ.

ಉಳಿದ ಎರಡು ಈ ನೌನ್ ಕ್ಲಾಜ್‌ಗಳ ಒಳಗಿವೆ. ‘ವೆನ್ ವಿ ಮೆಟ್’ ಹೇಳುವುದು ‘ಸೆಡ್’ನ ಸಮಯ, ‘ಇಫ್ ನೋಬಡಿ ಲಿಸನ್ಡ್’ ಹೇಳುವುದು ‘ವುಡ್ ಲೀವ್’ನ ಷರತ್ತು. ಎರಡೂ ಅಡ್ವರ್ಬ್ ಕ್ಲಾಜ್, ಯಾವುದೂ ನೇರವಾಗಿ ‘ವಾಸ್’ಗೆ ಸೇರಿಲ್ಲ. ಕ್ಲಾಜ್ ಐದಿದ್ದರೂ ಮೇನ್ ಕ್ಲಾಜ್ ಒಂದೇ, ಆದ್ದರಿಂದ ವಾಕ್ಯ ಕಾಂಪ್ಲೆಕ್ಸ್. ಇದರ ಕೊನೆಗೆ ‘ಆಂಡ್ ವಿ ಬಿಲೀವ್ಡ್ ಹಿಮ್’ ಸೇರಿಸಿ ಮತ್ತೆ ಗೆರೆ ಎಳೆಯಿರಿ. ಆಗ ಯಾವ ಬಗೆ ಆಗುತ್ತದೆ, ಏಕೆ ಎಂದು ಇಲ್ಲೇ ಬರೆಯಿರಿ, ನೋಡುತ್ತೇನೆ.

ಬಿಡುವಿನ ಓದು:

‘ಬಿಲೀವ್ಡ್’ ಆರನೇ ಗೆರೆ, ಸಬ್ಜೆಕ್ಟ್ ‘ವಿ’. ಅದಕ್ಕೆ ‘ಸಮ್‌ಥಿಂಗ್’ ಇಡುವ ಪ್ರಮೇಯ ಇಲ್ಲ, ತಾನೇ ನಿಲ್ಲುತ್ತದೆ. ‘ಆಂಡ್’ ಹಿಡಿದಿರುವುದರಿಂದ ಮುಂದಕ್ಕೂ ಬರುವುದಿಲ್ಲ. ಅಲ್ಲಿಗೆ ಮೇನ್ ಕ್ಲಾಜ್ ಎರಡು, ಒಳಗೆ ಅಧೀನ ಕ್ಲಾಜ್ ನಾಲ್ಕು. ಕಾಂಪೌಂಡ್-ಕಾಂಪ್ಲೆಕ್ಸ್.

ಸೀಸದ ಕಡ್ಡಿ:

ಸರಿಯಾಗಿದೆ. ಕಾರಣವನ್ನೂ ಪೂರ್ತಿ ಕೊಟ್ಟಿದ್ದೀರಿ.