ಮೂರನೇ ಗುಂಡು ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ, ಪ್ಯಾಚ್‌ಗೆ ಏನು ಹಚ್ಚಲಿ?

ಚಕಮಕಿ_ಪೆನ್ಸಿಲ್ವೇನಿಯಾ: ತಲೆ ಕೆಟ್ಟು ಹೋಗಿದೆ. ಬಾಯಿಂದ ತುಂಬುವ .50 ಇಂಚಿನ ಚಕಮಕಿ ಕೋವಿ, .490 ಇಂಚಿನ ಗುಂಡು, ಅದಕ್ಕೆ ಸುತ್ತುವ ಜಿಡ್ಡು ಬಟ್ಟೆಯೇ ಪ್ಯಾಚ್. ಬೇಸಿಗೆಯಲ್ಲಿ ಸಲೀಸಾಗಿ ಇಳಿಯುತ್ತಿತ್ತು. ಈಗ ಎರಡು ಈಡು ಹೊಡೆದರೆ ಸಾಕು, ಮೂರನೆಯದು ನಳಿಗೆಯ ಅರ್ಧದಲ್ಲೇ ಕೂರುತ್ತದೆ. ಗುಂಡು ತಳ್ಳುವ ಗಜ ಮುರಿಯುವುದೊಂದು ಬಾಕಿ. ಕ್ರಿಸ್‌ಮಸ್ ಮಾರನೇ ದಿನ ಬೇಟೆ ಸೀಸನ್ ಶುರು. ಯಾವ ಎಣ್ಣೆ ಒಳ್ಳೆಯದು, ಅಷ್ಟು ಹೇಳಿ.

ಟಿಕಿಂಗ್_ರಾಯ: ಬಟ್ಟೆ ದಪ್ಪ. .018 ಇಂಚು ಇದ್ದೀತು. .015ಕ್ಕೆ ಇಳಿಸಿ.

ಚಕಮಕಿ_ಪೆನ್ಸಿಲ್ವೇನಿಯಾ: ಬೇಸಿಗೆಯಲ್ಲೂ ಇದೇ ಬಟ್ಟೆ ಸಾರ್.

ಟಿಕಿಂಗ್_ರಾಯ: ಒಗೆದಿದ್ದೀರಾ? ಗಂಜಿ ಇರುತ್ತದೆ. ಪಾಲಿಯೆಸ್ಟರ್ ಬೆರಕೆಯಾದರೆ ಕರಗಿ ನಳಿಗೆಗೆ ಅಂಟುತ್ತದೆ. ಮೈಕ್ರೊಮೀಟರ್ ಹಿಡಿದು ಅಳೆಯಿರಿ.

ಓಹಾಯೊ_ಮಾವ: ರಾಯರೇ, ಬಟ್ಟೆ ಬಿಡಿ. ಅವರು ಏನು ಹಚ್ಚುತ್ತಿದ್ದಾರೆ ಅಂತಲೇ ಹೇಳಿಲ್ವಲ್ಲ! ಹಾರಿದ ಪ್ಯಾಚ್ ಹೆಕ್ಕಿ ನೋಡಿದ್ರಾ? ನಡುವೆ ಸುಟ್ಟು ತೂತಾಗಿದ್ದರೆ ಜಿಡ್ಡು ಸಾಲದು. ಸುತ್ತ ಬ್ಲೇಡಿನಲ್ಲಿ ಕುಯ್ದ ಹಾಗಿದ್ದರೆ ನಳಿಗೆ ಬಾಯಿ ಹರಿತ.

ಚಕಮಕಿ_ಪೆನ್ಸಿಲ್ವೇನಿಯಾ: ನಡುವೆ ಕಪ್ಪು, ತೂತಿಲ್ಲ. ಜೇನುಮೇಣ, ಕೊಬ್ಬು ಅರ್ಧರ್ಧ. ಮೊನ್ನೆ ರೇಂಜ್‌ನಲ್ಲಿ 20 ಡಿಗ್ರಿ.

ಕೋವಿಮನೆ_ಕೊಡಗು: 20 ಡಿಗ್ರಿಗೆ ಚಳಿಯಾ? ನಮಗೆ ಅದು ಹಿತವಾದ ಹವೆ!

ಓಹಾಯೊ_ಮಾವ: ಅದು ಫ್ಯಾರನ್‌ಹೀಟ್ ಮಾರಾಯ್ರೇ. ಸೆಲ್ಸಿಯಸ್‌ನಲ್ಲಿ ಮೈನಸ್ 7ರ ಹತ್ತಿರ. ಅಷ್ಟು ಚಳಿಗೆ ಮೇಣ ಗಟ್ಟಿ. ಅದು ಸುಟ್ಟ ಮದ್ದಿನ ಕಿಟ್ಟವನ್ನು ಮೆದು ಮಾಡುವುದೇ ಇಲ್ಲ. ಮೇಣ ಕಡಿಮೆ ಮಾಡಿ ಆಲಿವ್ ಎಣ್ಣೆ ಸೇರಿಸಿ, ಇಲ್ಲವೇ ಮಿಂಕ್ ಪ್ರಾಣಿಯ ಕೊಬ್ಬಿನ ಎಣ್ಣೆ. ಇಂಜಿನ್ ಗ್ರೀಸ್ ಮಾತ್ರ ಬೇಡ, ಕಪ್ಪು ಮದ್ದಿನ ಜೊತೆ ಡಾಂಬರಾಗುತ್ತದೆ. ಈಡಿಗೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ.

ಟಿಕಿಂಗ್_ರಾಯ: ಎಂಜಲು ಸಾಕು. ಇಷ್ಟೆಲ್ಲ ಯಾಕೆ?

ಓಹಾಯೊ_ಮಾವ: ರೇಂಜ್‌ಗೆ ಸರಿ. ಬೇಟೆಯಲ್ಲಿ ಈಡು ಬೆಳಗಿನಿಂದ ಸಂಜೆವರೆಗೆ ಒಳಗೇ ಇರುತ್ತದೆ. ಎಂಜಲಾದರೆ ಹೆಪ್ಪುಗಟ್ಟುತ್ತದೆ, ಇಲ್ಲ ಮದ್ದು ಒದ್ದೆಯಾಗುತ್ತದೆ. ತುಕ್ಕು ಬೇರೆ.

ಟಿಕಿಂಗ್_ರಾಯ: 2ಎಫ್, ಅಂದರೆ ದಪ್ಪ ಕಾಳಿನ ಮದ್ದು ಹಾಕಿದರೆ ಕಿಟ್ಟ ಜಾಸ್ತಿ. ಸಣ್ಣ ಕಾಳಿನ 3ಎಫ್ ಹಾಕಿ.

ಓಹಾಯೊ_ಮಾವ: ಅದಕ್ಕೆ ಬೇರೆ ಚರ್ಚೆ ತೆಗೆಯಿರಿ ಸ್ವಾಮಿ.

ಕೋವಿಮನೆ_ಕೊಡಗು: ನಮ್ಮ ಕೇಪಿನ ಕೋವಿಗೆ ಈ ರಗಳೆಯೇ ಇಲ್ಲ. ನಳಿಗೆಯೊಳಗೆ ಗುಂಡು ತಿರುಗಿಸುವ ಗೆರೆಯೇ ಇಲ್ಲವಲ್ಲ. ಮಸಿ (ನಮ್ಮಲ್ಲಿ ಮದ್ದಿಗೆ ಹೀಗನ್ನುತ್ತೇವೆ), ಕತ್ತ (ತೆಂಗಿನ ನಾರು), ಚರೆ, ಮುಗೀತು. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಕೋವಿಗೆ ಹೂವಿಟ್ಟ ಫೋಟೋ ಹಾಕಲಾ?

ಟಿಕಿಂಗ್_ರಾಯ: ಹಾಕಿ. ನನ್ನದು .54, ಮೇಪಲ್ ಹಿಡಿ, ಹಿತ್ತಾಳೆ ಕೆಲಸ. ನಾನೂ ಹಾಕುತ್ತೇನೆ.

ಚಕಮಕಿ_ಪೆನ್ಸಿಲ್ವೇನಿಯಾ: ಫೋಟೋ ಆಮೇಲೆ. ಆ ಮೂರನೇ ಗುಂಡು ಇನ್ನೂ ಒಳಗೇ ಇದೆ. ಹಾರಿಸಿಬಿಡಲಾ?

ಓಹಾಯೊ_ಮಾವ: ಬೇಡ! ಗುಂಡಿಗೂ ಮದ್ದಿಗೂ ನಡುವೆ ಜಾಗ ಬಿಟ್ಟು ಹಾರಿಸಿದರೆ ನಳಿಗೆ ಉಬ್ಬುತ್ತದೆ, ಸೀಳಲೂಬಹುದು. ಕಿಡಿ ಹೋಗುವ ತೂತಿನಿಂದ ನೀರು ಬಿಟ್ಟು ಮೊದಲು ಮದ್ದು ಪೂರ್ತಿ ನೆನೆಸಿ. ಆಮೇಲೆ ಗಜದ ತುದಿಗೆ ತಿರುಪು ಹಾಕಿ ಗುಂಡು ಎಳೆಯಿರಿ. ಬಾಯಿಗೆ ಮುಖ ಒಡ್ಡಬೇಡಿ.

ಟಿಕಿಂಗ್_ರಾಯ: .015 ಹಾಕಿದ್ದರೆ ಇದೆಲ್ಲ ಇರುತ್ತಲೇ ಇರಲಿಲ್ಲ.