ಸಹಾಯ ಬೇಕು: ಬೀಕರಿನ ಸಾಬೂನು 50 ಕಿಲೋ ಕಡಾಯಿಗೆ

ನಮಸ್ಕಾರ್ರಿ. ಜಮಖಂಡಿ ಹತ್ತಿರ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸ್ತೀನಿ. ಮಕ್ಕಳು ಲ್ಯಾಬಿನಲ್ಲಿ ಕೊಬ್ಬರಿ ಎಣ್ಣೆ, ಕಾಸ್ಟಿಕ್ ಸೋಡಾದಿಂದ ಮಾಡುವ ಸಾಬೂನನ್ನೇ ನಮ್ಮೂರ ಮಹಿಳಾ ಸಂಘದ ಅಕ್ಕಂದಿರು ಒಮ್ಮೆಗೆ 50 ಕಿಲೋದಂಗ ತಯಾರಿಸಬೇಕಂತಾರೆ.

ಕಿಲೋ ಎಣ್ಣೆಗೆ ಸುಮಾರು 183 ಗ್ರಾಂ ಕಾಸ್ಟಿಕ್, ಆ ಲೆಕ್ಕ ಸುಲಭ. ಕಷ್ಟ ಇರೋದು ಎಣ್ಣೆಗೆ ಕಾಸ್ಟಿಕ್ ಕೂಡಿದಾಗ ತಾನೇ ಹುಟ್ಟುವ ಬಿಸಿಯಲ್ಲಿ. ಪಾತ್ರೆಯ ಉದ್ದ, ಅಗಲ, ಎತ್ತರ 10 ಪಟ್ಟಾದರೆ ಒಳಗಿನ ಸರಕು 1000 ಪಟ್ಟು, ಬಿಸಿ ಹೊರಬಿಡುವ ಮೈ ಮಾತ್ರ 100 ಪಟ್ಟು. ಬೀಕರ್ ತಾನೇ ತಣ್ಣಗಾಗುತ್ತೆ. ದೊಡ್ಡ ಕಡಾಯಿ ಉಕ್ಕಿ ಯಾರದಾದರೂ ಕೈ ಸುಟ್ಟರೆ? ಅಲ್ಯೂಮಿನಿಯಂ ಅಂತೂ ಬೇಡವೇ ಬೇಡ, ಕಾಸ್ಟಿಕ್ ತಾಗಿದರೆ ಹೈಡ್ರೋಜನ್ ಬರುತ್ತೆ.

ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಸ್ಟೀಲ್ ಕಡಾಯಿಗೆ ಕದಡುವ ಮೋಟಾರ್ ಕೂಡಿಸಿ ಕೊಡುವವರು ಇದ್ದಾರೇನ್ರಿ? ಸಾಬೂನು ಕಾರ್ಖಾನೆಯಲ್ಲಿ ದುಡಿದವರು, ಕಾಸ್ಟಿಕ್ ನೀರನ್ನು ಎಷ್ಟು ನಿಧಾನಕ್ಕೆ ಬಿಡ್ತೀರಿ ಅಂತ ದಯವಿಟ್ಟು ತಿಳಿಸಿ. ಸ್ನಾನದ ಸೋಪಿಗೆ ಲೈಸೆನ್ಸ್ ಮಾಡಿಸಿದವರಿದ್ದರೆ ಅದನ್ನೂ ಹೇಳ್ರಿ.